ನಿಲ್ಲದ ನಿಲ್ದಾಣಗಳು

ಶಬ್ದಗಳು ಅರ್ಥವನ್ನು ಕೊಡುವ ಬಗೆ ಒಂದೇ ಅಲ್ಲವೆಂದು ಪ್ರಾಚೀನ ಶಾಸ್ತ್ರಕಾರರು ನಿರ್ಣಯಿಸಿರುವರು. ಅವಯವಗಳ ಅರ್ಥವನ್ನು ಹಿಡಿದು ನಡೆಯುವ ಶಬ್ದವು ಯೌಗಿಕ. ಅದನ್ನು ಬಿಟ್ಟು ಬರಿಯ ಬಳಕೆಯ ಬಲದಿಂದ ನಿಂತುದು ರೂಢ. ‘ಮಂಡಪ’ವೆಂಬುದನ್ನು ಬಿಡಿಸಿ ನೋಡಿದರೆ ಗಂಜಿಯನ್ನು ಕುಡಿಯುವವನೆಂದು ಅರ್ಥವಾಗುವುದು; ಆದರೆ ಯಾವ ಮಂಡಪವೂ ಈವರೆಗೆ ಗಂಜಿಯನ್ನು ಕುಡಿದುದಿಲ್ಲ. ‘ನಿಲ್ದಾಣ’ವೆಂಬ ಕನ್ನಡದ ಮಾತು ಹಾಗಲ್ಲ. ‘ನಿಲ್’ ಎಂಬುದಕ್ಕೆ ‘ತಾಣ’ವು ಸೇರಿ, ತಕಾರಕ್ಕೆ ದಕಾರವು ಆದೇಶವಾಗಿ ನಿಲ್ದಾಣವೆಂದಾಯಿತು. ನಿಲ್ಲುವ ಸ್ಥಳವೇ ನಿಲ್ದಾಣ, ಇದರಲ್ಲಿ ಸಂದೇಹವಿಲ್ಲ. ಆದರೆ ಪುತ್ತೂರು ಕಡಬ ಸೀಮೆಗಳನ್ನು ಹಾದು ಘಟ್ಟವನ್ನೇರುವ ರೈಲುಮಾರ್ಗದಲ್ಲಿ ಈ ಯೌಗಿಕ ಶಬ್ದವು ದಿನದಿನಕ್ಕೆ ಮಂಡಪದ ಗತಿಗೆ ಇಳಿಯುತ್ತಿದೆ. ನಿಲ್ದಾಣವಿದೆ, ನಾಮಫಲಕವಿದೆ, ದಿನದ ಬಹುಪಾಲು ಗಾಡಿಗಳು ನಿಲ್ಲುವುದಿಲ್ಲ. ಈ ಅವಸ್ಥೆ ಹೇಗೆ ಒದಗಿತು, ಇದನ್ನು ಸಮರ್ಥಿಸುವವರ ಯುಕ್ತಿಗಳಲ್ಲಿ ಹುರುಳೆಷ್ಟು, ಪರಿಹಾರವೇನು ಎಂಬುದನ್ನು ಜಿಲ್ಲೆಯ ವಿಚಾರವಂತರು ಪರ್ಯಾಲೋಚಿಸಬೇಕಾದ ಕಾಲವು ಬಂದಿದೆ.

ಮೊದಲು ಪೂರ್ವವೃತ್ತಾಂತ. ಮಂಗಳೂರಿಗೆ ದಕ್ಷಿಣದಿಂದ ರೈಲುಗಾಡಿ ಬಂದುದು 1907ರಲ್ಲಿ. ಅಲ್ಲಿಂದ ಮೂಡಲಿಗೆ, ಘಟ್ಟದ ಮೇಲಿನ ಕನ್ನಡನಾಡಿಗೆ ಹಳಿಗಳು ಮುಟ್ಟಲು ಮತ್ತೆ ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಹಾಸನ ಮಂಗಳೂರು ಮೀಟರುಗೇಜು ಮಾರ್ಗವು ಪೂರ್ಣವಾದುದು 1979ರಲ್ಲಿ. ಅದರ ಉದ್ದ 189 ಕಿಲೋಮೀಟರು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ 55 ಕಿಲೋಮೀಟರು ಘಟ್ಟದ ಹಾದಿ. ಅಷ್ಟರಲ್ಲಿಯೇ 57 ಸುರಂಗಗಳು, ನೂರಕ್ಕೂ ಮೇಲ್ಪಟ್ಟು ಸೇತುವೆಗಳು. ಐವತ್ತು ಅಡಿ ನಡೆದರೆ ಒಂದಡಿ ಏರುವ ಆ ಇಳಿಜಾರನ್ನು ಇಳಿದು ಬಂದ ಗಾಡಿಗೆ ಬಯಲಿನ ಮೊದಲ ವಿಶ್ರಾಂತಿಯು ನೆಟ್ಟಣದಲ್ಲಿ. ಕುಕ್ಕೆ ಕ್ಷೇತ್ರಕ್ಕೆ ಹೋಗುವ ಯಾತ್ರಿಕರು ಇಳಿಯುವ ಆ ಸ್ಥಳಕ್ಕೆ ಸುಬ್ರಹ್ಮಣ್ಯ ರಸ್ತೆಯೆಂದು ಹೆಸರಾಯಿತು. ಅಲ್ಲಿಂದ ಪಡುವಣಕ್ಕೆ ಕೋಡಿಂಬಾಳ, ಎಡಮಂಗಲ, ಕಾಣಿಯೂರು, ನರಿಮೊಗರು, ಬಳಿಕ ಪುತ್ತೂರು. ಆಂಧ್ರದೇಶದಲ್ಲಿ ಇನ್ನೊಂದು ಪುತ್ತೂರು ಇರುವುದರಿಂದ ಇಲ್ಲಿಯದಕ್ಕೆ ನೆರೆಯ ಕಬಕದ ಹೆಸರನ್ನು ಕೂಡಿಸಿ ಕಬಕಪುತ್ತೂರೆಂದು ಕರೆದರು. ಅದರಾಚೆ ನೇರಳಕಟ್ಟೆ, ಬಂಟವಾಳ, ಕೊನೆಗೆ ಮಂಗಳೂರು.

ಅಡಕೆ ತೋಟಗಳ ನಡುವೆ, ಗುಡ್ಡದ ಮಗ್ಗುಲಲ್ಲಿ, ಹೊಳೆಯ ದಡದಲ್ಲಿ ಚದರಿ ವಾಸಿಸುವ ಜನರ ಸೀಮೆಯಿದು. ಬಯಲುನಾಡಿನಂತೆ ಮನೆಗಳು ಒತ್ತೊತ್ತಾಗಿರುವ ಹಳ್ಳಿಗಳು ಇಲ್ಲಿ ವಿರಳ. ಇಂತಹ ಸೀಮೆಯಲ್ಲಿ ನಿಲ್ದಾಣವೆಂದರೆ ಹತ್ತಾರು ಮನೆಗಳ ಹಾದಿಗಳು ಬಂದು ಕೂಡುವ ಸ್ಥಳ. ಊರಿಗೊಂದು ಹೆಸರು ಭೂಪಟದಲ್ಲಿ ಸಿಕ್ಕಿದಂತೆ ಜನರಿಗೂ ಲೋಕದೊಡನೆ ಒಂದು ಸಂಬಂಧವು ಸಿಕ್ಕಿತು.

ಆ ಸಂಬಂಧವು ಹೆಚ್ಚು ಕಾಲ ಸ್ಥಿರವಾಗಿ ನಿಲ್ಲಲಿಲ್ಲ. ಹಳಿಗಳ ಅಗಲವನ್ನು ಹೆಚ್ಚಿಸುವ ಸಲುವಾಗಿ 1996ರಲ್ಲಿ ಘಟ್ಟದ ಸಂಚಾರವು ನಿಂತಿತು. ಅಗಲವಾದ ಹಳಿಗಳ ಮೇಲೆ ಸರಕಿನ ಗಾಡಿಯು ಓಡತೊಡಗಿದುದು 2006ರ ಮೇ ತಿಂಗಳಲ್ಲಿ. ಮನುಷ್ಯರ ಗಾಡಿಯು ಓಡಿದುದು 2007ರ ಡಿಸೆಂಬರಿನಲ್ಲಿ. ಬಂದರಿಗೆ ಹೋಗುವ ಅದುರಿಗೆ ದಾರಿಯು ತೆರೆದು ಒಂದೂವರೆ ವರ್ಷವಾದ ಮೇಲೆ ಮನುಷ್ಯರ ಸರದಿ ಬಂತು. ಇದಕ್ಕೆ ಸುರಕ್ಷತೆಯ ಕಾರಣವನ್ನು ಅಧಿಕಾರಿಗಳು ಹೇಳಿದರು; ಆ ಕಾರಣವು ಸುಳ್ಳೆಂದು ಹೇಳುವಂತಿಲ್ಲ. ಘಟ್ಟದ ಹಾದಿ ಕಠಿಣವಾದುದೇ ಸರಿ. ಆದರೆ ಯಾರ ಪ್ರಯೋಜನಕ್ಕಾಗಿ ಮಾರ್ಗವು ಸಿದ್ಧವಾಯಿತೆಂಬುದು ಅಂದೇ ಪ್ರಕಟವಾಯಿತು. ಈ ಮಾರ್ಗದ ಎರಡು ತುದಿಗಳನ್ನು ನೋಡುವವರು ಬಹುಮಂದಿ: ಒಂದು ತುದಿಯಲ್ಲಿ ರಾಜಧಾನಿ, ಇನ್ನೊಂದರಲ್ಲಿ ಬಂದರು. ನಡುವಿನ ಊರುಗಳು ಕಿಟಕಿಯಿಂದ ನೋಡುವುದಕ್ಕೆ ಮಾತ್ರ ಉಳಿದುವು.

ಈಗಿನ ಸ್ಥಿತಿ ಹೀಗಿದೆ. ಬೆಂಗಳೂರಿನಿಂದ ಬರುವ ಎಕ್ಸ್‌ಪ್ರೆಸ್ ಗಾಡಿಗಳು ಸುಬ್ರಹ್ಮಣ್ಯ ರಸ್ತೆಯಲ್ಲಿಯೂ ಪುತ್ತೂರಿನಲ್ಲಿಯೂ ನಿಲ್ಲುವುವು. ನಡುವಿನ ನಾಲ್ಕು ನಿಲ್ದಾಣಗಳನ್ನು ಕಂಡೂ ಕಾಣದಂತೆ ಸಾಗುವುವು. ಆ ನಾಲ್ಕರ ಉಸಿರು ನಿಂತಿರುವುದು ಮಂಗಳೂರಿನ ಪ್ಯಾಸೆಂಜರ್ ಗಾಡಿಯ ಮೇಲೆ. 2020ರ ಮಾರ್ಚಿಯಲ್ಲಿ ಮಹಾವ್ಯಾಧಿಯ ಕಾರಣದಿಂದ ದೇಶದ ಗಾಡಿಗಳೆಲ್ಲ ನಿಂತಾಗ ಇದೂ ನಿಂತಿತು. ಮತ್ತೆ ಗಾಡಿಗಳು ಹೊರಟಾಗ ದೇಶದಾದ್ಯಂತ ಪ್ಯಾಸೆಂಜರ್ ಗಾಡಿಗಳಿಗೆ ಎಕ್ಸ್‌ಪ್ರೆಸ್ ದರವನ್ನು ಹಾಕಿ, ಹತ್ತು ರೂಪಾಯಿಯ ಕನಿಷ್ಠ ಟಿಕೇಟನ್ನು ಮೂವತ್ತಕ್ಕೆ ಏರಿಸಿದರು. ವೇಗವು ಹೆಚ್ಚಲಿಲ್ಲ, ಆಸನವು ಮೃದುವಾಗಲಿಲ್ಲ. ಹೆಸರು ಮಾತ್ರ ಬದಲಾಯಿತು. ಹಳೆಯ ದರವು ಮರಳಿ ಬಂದುದು 2024ರ ಫೆಬ್ರವರಿಯಲ್ಲಿ. ಆ ನಡುವೆ ರೈಲನ್ನು ಬಿಟ್ಟು ಬಸ್ಸನ್ನು ಹಿಡಿದವರೆಲ್ಲರೂ ಮರಳಿ ಬರುವರೆಂದು ನಿರೀಕ್ಷಿಸುವುದು ನ್ಯಾಯವೇ? 2025ರ ಏಪ್ರಿಲಿನಲ್ಲಿ ಪುತ್ತೂರಿಗೇ ಮುಗಿಯುತ್ತಿದ್ದ ಪ್ಯಾಸೆಂಜರ್ ಗಾಡಿಯನ್ನು ಸುಬ್ರಹ್ಮಣ್ಯ ರಸ್ತೆಯವರೆಗೆ ವಿಸ್ತರಿಸಿದರು. ಇದು ಬಹುಕಾಲದ ಬೇಡಿಕೆ. ನೆರವೇರಿಸಿದವರಿಗೆ ಕೃತಜ್ಞತೆ ಸಲ್ಲತಕ್ಕದ್ದೇ. ಆದರೆ ಹಸಿದವನಿಗೆ ಒಂದು ತುತ್ತನ್ನು ಕೊಟ್ಟು ಊಟವಾಯಿತೆಂದು ಎಲೆಯನ್ನು ತೆಗೆಯಬಾರದು.

ಇನ್ನು ಪೂರ್ವಪಕ್ಷಗಳ ವಿಚಾರ. ಸಣ್ಣ ನಿಲ್ದಾಣಗಳಿಂದ ಆದಾಯವಿಲ್ಲ, ಟಿಕೇಟು ಕೊಳ್ಳುವವರಿಲ್ಲದೆ ಗಾಡಿಯನ್ನು ನಿಲ್ಲಿಸುವುದು ವ್ಯರ್ಥವೆಂಬುದು ಮೊದಲನೆಯ ಆಕ್ಷೇಪಣೆ. ಇದಕ್ಕೆ ತರ್ಕಶಾಸ್ತ್ರದಲ್ಲಿ ಅನ್ಯೋನ್ಯಾಶ್ರಯ ದೋಷವೆಂದು ಹೆಸರು. ಗಾಡಿ ಏಕೆ ನಿಲ್ಲುವುದಿಲ್ಲ? ಜನರಿಲ್ಲದ ಕಾರಣ. ಜನರೇಕೆ ಇಲ್ಲ? ಗಾಡಿ ನಿಲ್ಲದ ಕಾರಣ. ಒಂದನ್ನು ಇನ್ನೊಂದರ ಮೇಲೆ, ಇನ್ನೊಂದನ್ನು ಮೊದಲನೆಯದರ ಮೇಲೆ ನಿಲ್ಲಿಸಿದರೆ ಎರಡೂ ಬೀಳುವುವು. ಅಂಗಡಿಯ ಬಾಗಿಲನ್ನು ಹಗಲೆಲ್ಲ ಮುಚ್ಚಿ ಸಂಜೆಗೆ ಗಲ್ಲಾಪೆಟ್ಟಿಗೆಯನ್ನು ಎಣಿಸಿ, ಈ ಊರಿನಲ್ಲಿ ಗಿರಾಕಿಗಳಿಲ್ಲವೆಂದು ನಿರ್ಣಯಿಸುವ ವ್ಯಾಪಾರಿಯನ್ನು ಯಾರೂ ಜಾಣನೆನ್ನರು. ಶಾಲೆಗೆ, ಕಚೇರಿಗೆ, ಆಸ್ಪತ್ರೆಗೆ ಹೋಗುವ ಹೊತ್ತಿನಲ್ಲಿ ಗಾಡಿಯನ್ನು ನಿಲ್ಲಿಸಿ ಎರಡು ವರ್ಷ ನೋಡಲಿ. ಆಮೇಲೆ ಆದಾಯದ ಲೆಕ್ಕವನ್ನು ಜನರ ಮುಂದಿಡಲಿ. ಪರೀಕ್ಷೆಯೇ ನಡೆಯದೆ ಅನುತ್ತೀರ್ಣವೆಂದು ಬರೆಯುವುದು ಯಾವ ಶಾಲೆಯ ಪದ್ಧತಿಯೂ ಅಲ್ಲ.

ಇದು ಬರಿಯ ಕಾಲ್ಪನಿಕ ಭಯವೆಂದು ಯಾರೂ ತಿಳಿಯಬೇಕಾಗಿಲ್ಲ. ಮಂಗಳೂರು ನಿಲ್ದಾಣವು ಸೇರಿರುವ ಪಾಲಕ್ಕಾಡು ವಿಭಾಗದಲ್ಲಿಯೇ, 2025ರ ಮೇ ತಿಂಗಳಲ್ಲಿ, ಕಣ್ಣೂರಿನ ಬಳಿಯ ಚಿರಕ್ಕಲ್ ಮತ್ತು ಕೋಝಿಕ್ಕೋಡು ಜಿಲ್ಲೆಯ ವೆಳ್ಳರಕ್ಕಾಡ್ ಎಂಬ ಎರಡು ಹಾಲ್ಟ್ ನಿಲ್ದಾಣಗಳನ್ನು ಆದಾಯ ಸಾಲದೆಂಬ ಕಾರಣದಿಂದಲೇ ಮುಚ್ಚಿದರು. ನೆರೆಮನೆಗೆ ಬಿದ್ದ ಬೆಂಕಿಯನ್ನು ಜಗಲಿಯಲ್ಲಿ ಕುಳಿತು ನೋಡುವವನು ತನ್ನ ಮಾಡಿನ ಹುಲ್ಲನ್ನೂ ಒಮ್ಮೆ ನೋಡಿಕೊಳ್ಳಬೇಕು. ಮೊದಲು ಗಾಡಿಗಳು ಕಡಿಮೆಯಾಗುವುವು; ಬಳಿಕ ಟಿಕೇಟು ಕೊಡುವವನು ಹೋಗುವನು; ಬಳಿಕ ದೀಪವು ಆರುವುದು; ಕೊನೆಗೆ ಒಂದು ಕಾಗದವು ಬಂದು, ಸತ್ತುದು ಸತ್ತಿತೆಂದು ಸಾರುವುದು. ಕಾಗದ ಬಂದ ದಿನ ಮೆರವಣಿಗೆ ಹೊರಡುವವರು ಮೊದಲ ಮೂರು ದಿನಗಳಲ್ಲಿ ಎಲ್ಲಿರುತ್ತಾರೆ?

ಎರಡನೆಯ ಆಕ್ಷೇಪಣೆಯು ವೇಗದ್ದು. ಅಲ್ಲಲ್ಲಿ ನಿಂತರೆ ದೂರ ಹೋಗುವವರಿಗೆ ವಿಳಂಬವಾಗುವುದೆಂದು ಹೇಳುವರು. ಇಲ್ಲಿ ಬೇಡಿಕೆಯನ್ನೇ ತಪ್ಪಾಗಿ ತಿಳಿದಿರುವರು. ಬೆಂಗಳೂರಿನ ಗಾಡಿಯು ನರಿಮೊಗರಿನಲ್ಲಿ ನಿಲ್ಲಲೆಂದು ಯಾರ ಹಟವೂ ಇಲ್ಲ. ಘಟ್ಟದ 55 ಕಿಲೋಮೀಟರುಗಳನ್ನು ಗಂಟೆಗೆ 30 ಕಿಲೋಮೀಟರಿಗೆ ಮೀರದ ವೇಗದಲ್ಲಿ ಎರಡು ಗಂಟೆಗೂ ಹೆಚ್ಚು ಕಾಲ ತಾಳ್ಮೆಯಿಂದ ಕಳೆಯುವ ಪ್ರಯಾಣಿಕನು ಒಂದು ನಿಮಿಷದ ನಿಲುಗಡೆಗೆ ಮುನಿಯುವನೆಂಬ ಮಾತು ಅತಿಶಯೋಕ್ತಿಯೇ ಆದರೂ, ಅದನ್ನು ಬಿಡೋಣ. ಬೇಕಾಗಿರುವುದು ಮಂಗಳೂರು ಸುಬ್ರಹ್ಮಣ್ಯ ರಸ್ತೆಗಳ ನಡುವೆ ಎಲ್ಲ ಕಡೆಯಲ್ಲಿಯೂ ನಿಲ್ಲುವ, ಹೊತ್ತಿಗೆ ಸರಿಯಾಗಿ ಓಡುವ ಸ್ಥಳೀಯ ಗಾಡಿಗಳು. ಮಾರ್ಗವು ಏಕಮಾರ್ಗ, ಹೆಚ್ಚು ಗಾಡಿಗಳಿಗೆ ಎಡೆಯಿಲ್ಲವೆಂದರೆ, ಇದೇ ಹಳಿಯಲ್ಲಿ ಸರಕಿನ ಗಾಡಿಗೆ ಎಡೆ ದೊರೆಯುವ ಪ್ರಕಾರವನ್ನು ವಿವರಿಸಬೇಕು. ಎದುರುಗಾಡಿಗೆ ದಾರಿಯನ್ನು ಬಿಡುವ ಸಲುವಾಗಿ ಸರಕಿನ ಗಾಡಿ ಸಣ್ಣ ನಿಲ್ದಾಣದಲ್ಲಿ ಕಾದು ನಿಲ್ಲುವುದು. ಕಲ್ಲಿಗೂ ಕಲ್ಲಿದ್ದಲಿಗೂ ನಿಲ್ಲಲು ಸ್ಥಳವಿರುವಲ್ಲಿ ಮನುಷ್ಯನಿಗೆ ಇಲ್ಲವೆನ್ನುವುದು ಹೇಗೆ?

ಬಸ್ಸುಗಳು ಯಥೇಷ್ಟವಾಗಿರುವಾಗ ರೈಲೇಕೆ ಎಂಬುದು ಮೂರನೆಯ ಆಕ್ಷೇಪಣೆ. 2023ರ ಜೂನಿನಿಂದ ಸರಕಾರದ ಬಸ್ಸುಗಳಲ್ಲಿ ಸ್ತ್ರೀಯರಿಗೆ ಉಚಿತ ಪ್ರಯಾಣವೂ ದೊರೆತಿರುವುದು ನಿಜ. ಇದು ಬಡವರ ಮನೆಗಳಿಗೆ ದೊಡ್ಡ ಉಪಕಾರವೆಂಬುದರಲ್ಲಿ ವಿವಾದವಿಲ್ಲ. ಆದರೆ ಉಪಕಾರವು ಹೆಚ್ಚಿದಷ್ಟೂ ಬಸ್ಸಿನ ನೂಕುನುಗ್ಗಲೂ ಹೆಚ್ಚಿದೆ. ಬೆಳಗ್ಗೆ ಪುತ್ತೂರಿನ ಕಾಲೇಜಿಗೆ ಹೊರಟ ಹುಡುಗರು ಮೆಟ್ಟಲಿನ ಮೇಲೆ ಜೋತಾಡುವರು. ಕಾಲುನೋವಿನ ಮುದುಕನು ಎರಡು ಬಸ್ಸುಗಳನ್ನು ಬಿಟ್ಟು ಮೂರನೆಯದನ್ನು ಕಾಯುವನು. ರೋಗಿಯ ವಿಷಯವನ್ನು ನೋಡಿದರೆ ರೈಲಿನ ಉಪಯೋಗವು ಇನ್ನೂ ಸ್ಪಷ್ಟವಾಗುವುದು. ಜಿಲ್ಲೆಯ ಬಡವರ ಆಸ್ಪತ್ರೆಯಾದ ವೆನ್ಲಾಕ್ ಮಂಗಳೂರು ಸೆಂಟ್ರಲ್ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿದೆ. ಎಡಮಂಗಲದಲ್ಲಿ ಹತ್ತಿದ ರೋಗಿಯು ಕುಲುಕಾಟವಿಲ್ಲದೆ, ಬಸ್ಸಿಂದ ಬಸ್ಸಿಗೆ ಇಳಿದು ಹತ್ತುವ ಶ್ರಮವಿಲ್ಲದೆ ಅಲ್ಲಿ ಇಳಿಯಬಹುದು. ಗಾಡಿಯು ಹೊರರೋಗಿಗಳನ್ನು ನೋಡುವ ಹೊತ್ತಿಗೆ ತಲಪಿ, ಸಂಜೆಗೆ ಮರಳಬೇಕು, ಅಷ್ಟೆ. ರಸ್ತೆಗೆ ಪರ್ಯಾಯವಾಗಿ ರೈಲು, ರೈಲಿಗೆ ಪರ್ಯಾಯವಾಗಿ ರಸ್ತೆ ಇರಬೇಕೆಂಬುದನ್ನು ಮಳೆಗಾಲವೇ ಕಲಿಸುತ್ತಿದೆ. 2018ರ ಆಗಸ್ಟಿನಲ್ಲಿಯೂ 2024ರ ಜುಲೈಯಲ್ಲಿಯೂ ಘಟ್ಟದ ಮಣ್ಣು ಕುಸಿದು ಹಳಿಗಳು ಮುಚ್ಚಿದುವು. ಶಿರಾಡಿಯ ರಸ್ತೆಯೂ ಅನೇಕ ಬಾರಿ ಹಾಗೆಯೇ ಮುಚ್ಚಿದೆ. ಎರಡು ಕಾಲುಳ್ಳವನು ಒಂದನ್ನು ತಾನಾಗಿ ಕತ್ತರಿಸಿಕೊಳ್ಳುವುದು ವಿವೇಕವಲ್ಲ.

ನಾಲ್ಕನೆಯ ಆಕ್ಷೇಪಣೆ ಪಂಡಿತರಿಂದ ಬರುವುದು. ಐವತ್ತು ವರ್ಷವೂ ತುಂಬದ ಈ ಕಟ್ಟಡಗಳಿಗೆ ಇತಿಹಾಸವೆಲ್ಲಿಯದು, ಕಂಬವಿಲ್ಲ, ಕೆತ್ತನೆಯಿಲ್ಲ, ಉಳಿಸತಕ್ಕದ್ದೇನು ಎಂದು ಅವರು ಕೇಳುವರು. ಇತಿಹಾಸವನ್ನು ಕಲ್ಲಿನ ವಯಸ್ಸಿನಿಂದಲೇ ಅಳೆಯುವುದಾದರೆ ಅವರ ಮಾತು ಸರಿ. ಆದರೆ ಒಂದು ಸೀಮೆಯ ಜನರು ಮೊದಲ ಬಾರಿಗೆ ಗಾಡಿಯನ್ನು ಹತ್ತಿದ ಸ್ಥಳಕ್ಕಿಂತ ಹೆಚ್ಚಿನ ಇತಿಹಾಸವು ಆ ಸೀಮೆಗೆ ಯಾವುದು? ಹೋಗಲಿ, ಶತಮಾನವು ತುಂಬಿದ ನಿಲ್ದಾಣಗಳ ಗತಿಯನ್ನೇ ನೋಡೋಣ. ಬೆಂಗಳೂರು ಚಿಕ್ಕಬಳ್ಳಾಪುರದ ಸಣ್ಣ ರೈಲುಮಾರ್ಗವು 1915ರಲ್ಲಿ ಆದುದು. ಅದರ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಎಂಬ ಹಂಚಿನ ಮಾಡಿನ ಕಟ್ಟಡಗಳು ಜೀರ್ಣವಾಗಿದ್ದುವು. ಪರಂಪರೆಯ ರಕ್ಷಣೆಗೆ ಕಂಕಣಬದ್ಧವಾದ ಇಂಟ್ಯಾಕ್ ಸಂಸ್ಥೆಯು ಅವುಗಳ ಪುನರುದ್ಧಾರಕ್ಕೆ ಕೈಹಾಕಿತು, ಸ್ತುತ್ಯವಾದ ಕಾರ್ಯ. ಆ ಮಾರ್ಗದಲ್ಲಿಯೇ ವಿಮಾನನಿಲ್ದಾಣದ ಸಮೀಪ 2021ರಲ್ಲಿ ಹೊಸ ಹಾಲ್ಟೊಂದನ್ನೂ ತೆರೆದರು. ಆದರೆ ಗೋಡೆಗೆ ಬಂದ ಕಾಂತಿ ವೇಳಾಪಟ್ಟಿಗೆ ಬರಲಿಲ್ಲ. ಗಾಡಿಗಳು ವಿರಳವಾದ ನಿಲ್ದಾಣವು ಎಷ್ಟು ಸುಂದರವಾದರೂ ಚಿತ್ರ ತೆಗೆಯುವವರಿಗೆ ಒದಗುವುದೇ ಹೊರತು ಪ್ರಯಾಣಿಕರಿಗೆ ಒದಗದು. ದೇವರನ್ನು ಎಬ್ಬಿಸಿ ಕಳುಹಿಸಿ ಗುಡಿಗೆ ಸುಣ್ಣ ಬಳಿದಂತಾಯಿತು.

ಅದೇ ಅಪಾಯವು ಇಲ್ಲಿಗೂ ಬಂದಿದೆ. 2022ರ ಕೊನೆಯಲ್ಲಿ ಆರಂಭವಾದ ಅಮೃತ ಭಾರತ ಯೋಜನೆಯಲ್ಲಿ ಬಂಟವಾಳವೂ ಸುಬ್ರಹ್ಮಣ್ಯ ರಸ್ತೆಯೂ ಸೇರಿವೆ. ಮುಖಮಂಟಪ, ವಿಶ್ರಾಂತಿಗೃಹ, ದೀಪಾಲಂಕಾರ ಎಲ್ಲವೂ ಆಗಲಿ. ದೂರದಿಂದ ಬಂದ ಯಾತ್ರಿಕನು ಮಳೆಯಲ್ಲಿ ನೆನೆಯಬಾರದು. ಆದರೆ ಆ ಅಮೃತದ ಒಂದು ಬಿಂದುವಾದರೂ ಕೋಡಿಂಬಾಳಕ್ಕೆ ತೊಟ್ಟಿಕ್ಕಬೇಡವೇ? ಕಡಬ ಪೇಟೆಗೆ ಸಮೀಪವಾದ ನಿಲ್ದಾಣವದು. ಕಡಬವು ತಾಲೂಕಿನ ಕೇಂದ್ರವಾದ ಮೇಲೆ ಕಚೇರಿಗಳು ಬಂದುವು, ಕೆಲಸಕ್ಕೆ ಬರುವ ಜನರು ಹೆಚ್ಚಿದರು. ತಾಲೂಕು ಕೇಂದ್ರದ ನಿಲ್ದಾಣವನ್ನು ಕಾಡಿನ ಹಾಲ್ಟಿನಂತೆ ನಡಸುವುದು ಆಡಳಿತದ ಒಂದು ಕೈಗೆ ಇನ್ನೊಂದು ಕೈಯ ಕೆಲಸ ತಿಳಿಯದೆಂಬುದಕ್ಕೆ ನಿದರ್ಶನ.

ಕೈಗಳೆರಡೆಂಬುದು ಇಲ್ಲಿ ಅಲಂಕಾರದ ಮಾತೂ ಅಲ್ಲ. 2003ರಲ್ಲಿ ನೈಋತ್ಯ ರೈಲ್ವೆ ವಲಯವು ಹುಬ್ಬಳ್ಳಿಯಲ್ಲಿ ಸ್ಥಾಪಿತವಾದಾಗ ಪುತ್ತೂರು, ಸುಬ್ರಹ್ಮಣ್ಯ ರಸ್ತೆಗಳು ಮೈಸೂರು ವಿಭಾಗದೊಡನೆ ಆ ವಲಯಕ್ಕೆ ಸೇರಿದುವು. ಮಂಗಳೂರಿನ ಎರಡು ನಿಲ್ದಾಣಗಳು ಪಾಲಕ್ಕಾಡಿನೊಡನೆ ದಕ್ಷಿಣ ರೈಲ್ವೆಯಲ್ಲಿಯೇ ಉಳಿದುವು. ಗಾಡಿಯು ಹೊರಡುವ ಮನೆ ಒಬ್ಬರದು, ಓಡುವ ಅಂಗಳ ಇನ್ನೊಬ್ಬರದು. ಪುತ್ತೂರಿನವರು ಬೆಳಗಿನ ಗಾಡಿಯನ್ನು ಬೇಡಬೇಕಾದರೆ ಇಬ್ಬರ ಬಾಗಿಲನ್ನೂ ತಟ್ಟಬೇಕು; ಪ್ರತಿಯೊಬ್ಬರೂ ಇನ್ನೊಬ್ಬರ ಕಡೆಗೆ ಬೆರಳನ್ನು ತೋರಿಸುವುದು ಸುಲಭ. ರಾಜಧಾನಿಯ ಉಪನಗರ ರೈಲಿಗೆ 148 ಕಿಲೋಮೀಟರಿನ ಹೊಸ ಮಾರ್ಗಗಳನ್ನು ಯೋಜಿಸಿ 2022ರಲ್ಲಿ ಶಂಕುಸ್ಥಾಪನೆ ಮಾಡಿರುವರು. ಇಲ್ಲಿಯಾದರೋ ಮಂಗಳೂರಿನಿಂದ ಪುತ್ತೂರಿಗೆ ಐವತ್ತು ಕಿಲೋಮೀಟರಿಗೆ ಒಳಪಟ್ಟ ಹಳಿಗಳು ಸಿದ್ಧವಾಗಿ ಬಿದ್ದಿವೆ. ದಿನವೂ ಹೋಗಿಬರುವ ಜನರಿದ್ದಾರೆ. ಹೆಸರೊಂದನ್ನು ಬಿಟ್ಟರೆ ಉಪನಗರ ಮಾರ್ಗಕ್ಕೆ ಇನ್ನೇನು ಕೊರತೆ?

ಸುಳ್ಯದ ಸ್ಥಿತಿ ಇದಕ್ಕಿಂತಲೂ ಶೋಚನೀಯ. ಪೇಟೆಗೆ ನಿಲ್ದಾಣವೇ ಇಲ್ಲ. ಕೇರಳದ ಕಾಞಂಗಾಡಿನಿಂದ ಪಾಣತ್ತೂರು, ಸುಳ್ಯ ಮಾರ್ಗವಾಗಿ ಕಾಣಿಯೂರಿನಲ್ಲಿ ಈ ಹಳಿಗೆ ಬಂದು ಕೂಡುವ ಸುಮಾರು 90 ಕಿಲೋಮೀಟರಿನ ರೈಲುದಾರಿಯ ಸಮೀಕ್ಷೆ ನಡೆದು ವರ್ಷಗಳಾದುವು. ಅದು ಕಾಗದದಿಂದ ನೆಲಕ್ಕಿಳಿಯಲಿಲ್ಲ. ಅದು ಆಗುವ ದಿನ ಆಗಲಿ. ಅಲ್ಲಿಯವರೆಗೆ ಸುಳ್ಯದವರಿಗೆ ರೈಲೆಂದರೆ ಕಾಣಿಯೂರು, ಎಡಮಂಗಲ, ಪುತ್ತೂರುಗಳೇ. ನಾಳೆ ಜಂಕ್ಷನ್ ಆಗಬೇಕಾದ ಊರಿನಲ್ಲಿ ಇಂದು ಗಾಡಿಗಳು ನಿಲ್ಲದೆ ಹೋಗುತ್ತಿದ್ದರೆ, ನಾಳೆಯ ಯೋಜನೆಗೆ ಇಂದೇ ಗೋರಿ ಕಟ್ಟಿದಂತೆ.

ಮುಚ್ಚಿದುದನ್ನು ಮತ್ತೆ ತೆರೆಯುವುದು ಎಷ್ಟು ಕಷ್ಟವೆಂಬುದಕ್ಕೆ ಇಂಗ್ಲೆಂಡು ಸಾಕ್ಷಿ. ರೈಲ್ವೆಗಳ ನಷ್ಟವನ್ನು ತಗ್ಗಿಸುವ ಸಲುವಾಗಿ 1963ರಲ್ಲಿ ಬೀಚಿಂಗ್ ಎಂಬವರು ಕೊಟ್ಟ ವರದಿಯಲ್ಲಿ ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು ನಿಲ್ದಾಣಗಳನ್ನು ಮುಚ್ಚಬೇಕೆಂಬ ಸಲಹೆಯಿತ್ತು. ಅವುಗಳಲ್ಲಿ ಬಹುಭಾಗವು ಮುಚ್ಚಿಹೋಯಿತು. ಸ್ಕಾಟ್ಲೆಂಡಿನಲ್ಲಿ 1969ರಲ್ಲಿ ಮುಚ್ಚಿದ ಮಾರ್ಗವೊಂದರ ಸುಮಾರು 48 ಕಿಲೋಮೀಟರನ್ನು ಬಹಳ ಹಣವನ್ನು ಸುರಿದು 2015ರಲ್ಲಿ ಮತ್ತೆ ತೆರೆದರು. ಇಂಗ್ಲೆಂಡಿನ ಓಕ್‌ಹ್ಯಾಂಪ್ಟನ್ ಊರಿಗೆ 1972ರಲ್ಲಿ ನಿಂತ ನಿತ್ಯದ ಗಾಡಿಯು 2021ರಲ್ಲಿ ಮರಳಿ ಬಂತು. ಲೆಕ್ಕದ ಪುಸ್ತಕವನ್ನು ನೋಡಿ ಮುಚ್ಚಿದವರು ಒಬ್ಬರು; ಅರ್ಧ ಶತಮಾನದ ಬಳಿಕ ತಪ್ಪನ್ನು ತಿದ್ದುವುದಕ್ಕೆ ತೆರಿಗೆ ತೆತ್ತವರು ಅವರ ಮೊಮ್ಮಕ್ಕಳು. ಅನ್ಯರು ಬಿದ್ದ ಹಳ್ಳವನ್ನು ಕಂಡು ಬಳಸಿ ನಡೆಯುವುದೇ ಬುದ್ಧಿವಂತಿಕೆ.

ದೋಷವೆಲ್ಲವನ್ನೂ ಅಧಿಕಾರಿಗಳ ಮೇಲೆ ಹೊರಿಸಿದರೆ ಸತ್ಯಕ್ಕೆ ಅಪಚಾರವಾದೀತು. ಈ ಸೀಮೆಯ ಪ್ರಮುಖರು ರೈಲಿನ ವಿಷಯದಲ್ಲಿ ಮನವಿ ಬರೆದಾಗಲೆಲ್ಲ ರಾಜಧಾನಿಗೆ ರಾತ್ರಿಯ ಗಾಡಿಯನ್ನು ಬೇಡುವರು. ಮಗನು ಬೆಂಗಳೂರಿನಲ್ಲಿರುವನಲ್ಲವೇ? ಮನೆಯಲ್ಲಿರುವ ಮಗಳು ಪುತ್ತೂರಿನ ಕಾಲೇಜಿಗೆ ಹೋಗಿಬರುವ ಗಾಡಿ ಯಾರ ಮನವಿಯಲ್ಲಿಯೂ ಮೊದಲ ವಾಕ್ಯವಾಗುವುದಿಲ್ಲ. ಹೊಸ ಎಕ್ಸ್‌ಪ್ರೆಸ್ಸಿಗೆ ಹಾರ ಹಾಕುವ ಕೈಗಳು ಸಣ್ಣ ನಿಲ್ದಾಣಕ್ಕೆ ಹೋಗುವ ಹಾದಿಯ ಕೆಸರಿಗೆ ಒಂದು ಬುಟ್ಟಿ ಜಲ್ಲಿ ಹಾಕಲು ಬರುವುದಿಲ್ಲ. ಇದ್ದ ಒಂದು ಗಾಡಿಯಲ್ಲಿಯೂ ಟಿಕೇಟು ಕೊಳ್ಳದೆ ಕುಳಿತು, ಆದಾಯವಿಲ್ಲವೆಂಬ ವಾದಕ್ಕೆ ತಾವೇ ಸಾಕ್ಷಿ ನುಡಿಯುವವರೂ ಇಲ್ಲದಿಲ್ಲ. ಹತ್ತು ರೂಪಾಯಿಯನ್ನು ಉಳಿಸಿ ಊರಿನ ನಿಲ್ದಾಣವನ್ನು ಕಳೆದುಕೊಳ್ಳುವ ಲೆಕ್ಕವನ್ನು ಯಾವ ಗುರುವೂ ಕಲಿಸಿರಲಾರನು.

ಹಾಗಾದರೆ ಆಗಬೇಕಾದುದೇನು? ಒಂದನೆಯದು, ಬೆಳಗ್ಗೆ ಸುಬ್ರಹ್ಮಣ್ಯ ರಸ್ತೆಯಿಂದ ಹೊರಟು ಶಾಲೆ ಕಚೇರಿಗಳ ಹೊತ್ತಿಗೆ ಪುತ್ತೂರನ್ನೂ ಮಂಗಳೂರನ್ನೂ ಸೇರಿ, ಸಂಜೆ ಮರಳುವ ಗಾಡಿಯು ಎಲ್ಲ ನಿಲ್ದಾಣಗಳಲ್ಲಿಯೂ ತಪ್ಪದೆ ನಿಲ್ಲಬೇಕು. ನಡುಹಗಲಿಗೆ ಇನ್ನೊಂದು ಜೋಡಿ ಓಡಬೇಕು. ಎರಡನೆಯದು, ಕಡಬ, ಸುಳ್ಯ, ಕುಕ್ಕೆಗಳಿಗೆ ಗಾಡಿಯ ಹೊತ್ತಿಗೆ ಹೊಂದಿಕೆಯಾಗುವಂತೆ ನಿಲ್ದಾಣದ ಬಾಗಿಲಿನಿಂದ ಸರಕಾರದ ಬಸ್ಸುಗಳು ಹೊರಡಬೇಕು. ಬಸ್ಸು ರೈಲಿನ ಶತ್ರುವಲ್ಲ. ಕೈಹಿಡಿದು ಮನೆಗೆ ಮುಟ್ಟಿಸುವ ತಮ್ಮ. ಮೂರನೆಯದು, ವೇಳಾಪಟ್ಟಿಯ ವಿಷಯದಲ್ಲಿ ಎರಡು ವಿಭಾಗಗಳ ಅಧಿಕಾರಿಗಳೂ ವರ್ಷಕ್ಕೊಮ್ಮೆ ಪುತ್ತೂರಿಗೆ ಬಂದು ಜನರೆದುರಿಗೆ ಒಟ್ಟಿಗೆ ಕುಳಿತು ಮಾತಾಡಬೇಕು. ನಾಲ್ಕನೆಯದು, ಮೀಟರುಗೇಜಿನ ಕಾಲದ ಗುರುತುಗಳಲ್ಲಿ ಉಳಿದವನ್ನು ಒಡೆಯದೆ ಒಂದೆಡೆ ರಕ್ಷಿಸಬೇಕು. ಮಾರ್ಗವನ್ನು ಕಡಿದವರ ಕಷ್ಟವನ್ನು ಮಕ್ಕಳು ಕಣ್ಣಿನಿಂದ ಕಾಣಲಿ. ಐದನೆಯದು ಜನರ ಪಾಲಿನ ಕೆಲಸ: ಪ್ರತಿ ಪಂಚಾಯತಿಯೂ ತನ್ನ ನಿಲ್ದಾಣದ ಹಾದಿಯನ್ನು, ದೀಪವನ್ನು ನೋಡಿಕೊಳ್ಳಬೇಕು, ಹತ್ತುವ ಪ್ರತಿಯೊಬ್ಬನೂ ಟಿಕೇಟನ್ನು ಕೊಳ್ಳಬೇಕು.

ಇವುಗಳಲ್ಲಿ ಅಸಾಧ್ಯವಾದುದು ಒಂದೂ ಇಲ್ಲ. ಹೊಸ ಸುರಂಗವನ್ನು ಕೊರೆಯಬೇಕಾಗಿಲ್ಲ. ಹೊಸ ಹಳಿಯನ್ನು ಹಾಸಬೇಕಾಗಿಲ್ಲ. ಘಟ್ಟದ ಹಾದಿಗೆ ವಿದ್ಯುತ್ತಂತಿಯನ್ನು ಎಳೆಯುವ ಸಲುವಾಗಿ 2025ರ ಜೂನಿನಿಂದ ತಿಂಗಳುಗಟ್ಟಲೆ ಹಗಲಿನ ಗಾಡಿಗಳನ್ನು ನಿಲ್ಲಿಸಿದಾಗ ಜನರು ಸಹಿಸಿದರು. ಆ ಸಹನೆಯ ಫಲವು ನೂರು ಹರದಾರಿ ದೂರದವರಿಗೆ ಮಾತ್ರ ಸಿಕ್ಕಿ, ಹಳಿಯ ಪಕ್ಕದಲ್ಲಿಯೇ ಕುಳಿತವನಿಗೆ ಗಾಳಿಯೂ ಸದ್ದೂ ಮಾತ್ರ ಉಳಿದರೆ ಅದನ್ನು ಅಭಿವೃದ್ಧಿಯೆಂದು ಯಾರೂ ಒಪ್ಪರು.

ನರಿಮೊಗರಿನ, ಕಾಣಿಯೂರಿನ, ಎಡಮಂಗಲದ, ಕೋಡಿಂಬಾಳದ ಫಲಕಗಳ ಮೇಲೆ ಮೂರು ಲಿಪಿಗಳಲ್ಲಿ ಊರಿನ ಹೆಸರನ್ನು ಬರೆದಿರುವರು. ಓದುವುದಕ್ಕಾಗಿ ಬರೆದುದು ಅದು. ಗಾಡಿ ನಿಂತರಷ್ಟೇ ಓದಲು ಬರುವುದು.